ಶರತ್ಕಾಲದ ದೊಡ್ಡ ಸ್ಮಾಲ್‌ಮೌತ್ ಬಾಸ್: ನೀರು ತಣ್ಣಗಾದ ಮೇಲೆ ಅವು ಎಲ್ಲಿಗೆ ಹೋಗುತ್ತವೆ?

ತೀರವಾಸಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಉತ್ತರ ಮಿಷಿಗನ್‌ನ ಒಳನಾಡಿನ ಸರೋವರವೊಂದರಲ್ಲಿ ನಾನು ಸ್ಮಾಲ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನಿಗೆ ಗಾಳ ಹಾಕುತ್ತೇನೆ. ಸರೋವರದ ಅತ್ಯಂತ ಆಳವಾದ ಜಾಗದಲ್ಲಿ ಸುಮಾರು 60 ಅಡಿ ನೀರಿದೆ. ಒಂದು ಬದಿಯಲ್ಲಿ ದಡದಿಂದ ಹೊರಟ ಕಲ್ಲಿನ ಚಾಚೊಂದು ನೀರಿನೊಳಗೆ ಬಹು ದೂರದವರೆಗೆ ಹೋಗಿದೆ. ಎದುರು ಬದಿಯಲ್ಲಿ ಮರಳು ಮತ್ತು ಜಲಸಸ್ಯಗಳಿರುವ ಸಮತಟ್ಟಾದ ನೆಲವಿದೆ. ಬೇಸಿಗೆಯಲ್ಲಿ ಆ ಚಾಚಿನ ಮೇಲೆ 6ರಿಂದ 10 ಅಡಿ ಆಳದಲ್ಲಿ ಎರಡು ಪೌಂಡ್ ಆಸುಪಾಸಿನ ಮೀನುಗಳು ತಪ್ಪದೆ ಸಿಗುತ್ತವೆ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಅದೇ ಜಾಗ ಬರಿದಾಗುತ್ತದೆ. ಎಲ್ಲೋ ಒಂದೆರಡು ಚಿಕ್ಕ ಮೀನುಗಳು ಕಚ್ಚುತ್ತವೆ, ಅಷ್ಟೆ. ಆದರೆ ಇದೇ ಸರೋವರದಿಂದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಐದು ಪೌಂಡ್ ದಾಟಿದ ಮೀನುಗಳನ್ನು ಹಿಡಿದವರಿದ್ದಾರೆ, ಆ ಮೀನುಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಆ ದೊಡ್ಡ ಮೀನುಗಳು ಶರತ್ಕಾಲದಲ್ಲಿ ಎಲ್ಲಿ ಸೇರುತ್ತವೆ, ನೀರಿನ ಉಷ್ಣತೆ ಎಷ್ಟಕ್ಕೆ ಇಳಿದಾಗ ಅವನ್ನು ಹುಡುಕಬೇಕು, ಯಾವ ಎರೆಯನ್ನು ಎಷ್ಟು ನಿಧಾನವಾಗಿ ಆಡಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ. ಶರತ್ಕಾಲದಲ್ಲಿ ಸರೋವರದ ನೀರು ಮೇಲು ಕೆಳಗಾಗುತ್ತದೆ, ಆ ದಿನಗಳಲ್ಲಿ ಗಾಳ ಹಾಕುವುದೇ ವ್ಯರ್ಥ ಎಂದು ಹೇಳುವುದನ್ನೂ ಕೇಳಿದ್ದೇನೆ, ಅದರ ನಿಜಾಂಶವೇನು? ನನ್ನದು ಚಿಕ್ಕ ದೋಣಿ. ಆಳವನ್ನೂ ಉಷ್ಣತೆಯನ್ನೂ ತೋರಿಸುವ ಸಾಮಾನ್ಯ ಸೋನಾರ್ ಒಂದಿದೆ, ದುಬಾರಿ ಉಪಕರಣಗಳಿಲ್ಲ.

ಕಲ್ಲುದಿಬ್ಬ

ನೀವು ಕೊಟ್ಟ ವಿವರಗಳಲ್ಲೇ ಅರ್ಧ ಉತ್ತರವಿದೆ. ಕಲ್ಲಿನ ಚಾಚು ಇದೆ, ಅದರಾಚೆ ಆಳವಾದ ನೀರಿದೆ, ಉಷ್ಣತೆ ತೋರಿಸುವ ಸೋನಾರ್ ಇದೆ. ಉಳಿದಿರುವುದು ಚಾಚಿನ ಯಾವ ಭಾಗದಲ್ಲಿ, ಯಾವಾಗ ಎಂಬುದು.

ಮೊದಲು ತಿಂಗಳಿನ ಲೆಕ್ಕವನ್ನು ಬಿಟ್ಟು ಉಷ್ಣತೆಯ ಲೆಕ್ಕವನ್ನು ಹಿಡಿಯಿರಿ. ಮೇಲ್ಮೈ ನೀರು 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುತ್ತಿದ್ದಂತೆ ಸ್ಮಾಲ್‌ಮೌತ್‌ಗಳು ಬೇಸಿಗೆಯ ನೆಲೆಗಳನ್ನು ಬಿಡಲಾರಂಭಿಸುತ್ತವೆ. 60ರಿಂದ 50ರವರೆಗಿನ ಅವಧಿಯಲ್ಲಿ ಅವು ಚೆನ್ನಾಗಿ ತಿನ್ನುತ್ತವೆ, ಚುರುಕಾಗಿಯೂ ಇರುತ್ತವೆ. 50ಕ್ಕಿಂತ ಕೆಳಗೆ ಹೋದಾಗ ತಿನ್ನುವುದು ಕಡಿಮೆಯಾಗುತ್ತದೆ, ಆದರೆ ಚದುರಿದ್ದ ಮೀನುಗಳೆಲ್ಲ ಚಿಕ್ಕ ಜಾಗದಲ್ಲಿ ಒಟ್ಟುಗೂಡುತ್ತವೆ. 40ರ ಸಮೀಪ ಬಂದ ಮೇಲೆ ಅವು ಬಹುಮಟ್ಟಿಗೆ ನಿಶ್ಚಲವಾಗುತ್ತವೆ. ದೊಡ್ಡ ಮೀನೇ ಬೇಕೆಂದು ಹೊರಟವರಿಗೆ 55ರಿಂದ 45ರವರೆಗಿನ ಅವಧಿ ಅತ್ಯುತ್ತಮವೆಂಬುದು ನನ್ನ ಅಭಿಪ್ರಾಯ. ಆಗ ಕಚ್ಚುವ ಮೀನುಗಳ ಸಂಖ್ಯೆ ಕಡಿಮೆಯಾದರೂ ಕಚ್ಚಿದವುಗಳ ತೂಕ ಹೆಚ್ಚಿರುತ್ತದೆ.

ಅವು ನಿಮ್ಮ ಚಾಚಿನ ಮೇಲ್ಭಾಗವನ್ನು ಏಕೆ ಬಿಡುತ್ತವೆ ಎಂಬುದಕ್ಕೆ ಆಹಾರವೇ ಮುಖ್ಯ ಕಾರಣ. ಬೇಸಿಗೆಯಲ್ಲಿ ಕಲ್ಲುಗಳ ಸಂದಿನಲ್ಲಿ ಸಿಗಡಿಯನ್ನು ಹೋಲುವ ಕ್ರೇಫಿಶ್‌ಗಳು ಓಡಾಡುತ್ತಿರುತ್ತವೆ, ಜಲಸಸ್ಯಗಳ ನಡುವೆ ಪರ್ಚ್ ಎಂಬ ಮೀನಿನ ಮರಿಗಳೂ ಸಣ್ಣ ಮೀನುಗಳೂ ಅಡಗಿರುತ್ತವೆ. ನೀರು ತಣ್ಣಗಾದಾಗ ಕ್ರೇಫಿಶ್‌ಗಳ ಚಟುವಟಿಕೆ ಇಳಿಯುತ್ತದೆ, ಸಸ್ಯಗಳು ಕೊಳೆತು ಮಲಗುತ್ತವೆ, ಆಸರೆ ಕಳೆದುಕೊಂಡ ಮರಿಮೀನುಗಳು ಗುಂಪುಗುಂಪಾಗಿ ಆಳದ ಕಡೆಗೆ ಸರಿಯುತ್ತವೆ. ಅವುಗಳ ಹಿಂದೆಯೇ ದೊಡ್ಡ ಮೀನುಗಳೂ ಸರಿಯುತ್ತವೆ. ಜೊತೆಗೆ, ಚಳಿಗಾಲವನ್ನು ಕಳೆಯಬೇಕಾದ ಆಳದ ನೀರು ಹತ್ತಿರದಲ್ಲೇ ಇರಬೇಕು. ಹೀಗಾಗಿ ಆಹಾರ ಮತ್ತು ಆಳ ಎರಡೂ ಒಂದೆಡೆ ಸಿಗುವ ಜಾಗಗಳೇ ಅವುಗಳ ಶರತ್ಕಾಲದ ನೆಲೆಗಳು. ಸರೋವರದಲ್ಲಿ ಅಂತಹ ಜಾಗಗಳು ಬಹಳ ಇರುವುದಿಲ್ಲ, ಉಳಿದ ನೀರೆಲ್ಲ ಆ ದಿನಗಳಲ್ಲಿ ಖಾಲಿಯೆಂದೇ ತಿಳಿಯಬೇಕು.

ನಿಮ್ಮ ಸರೋವರದ ಮಟ್ಟಿಗೆ ಹೇಳುವುದಾದರೆ, ಚಾಚಿನ ಮೇಲ್ಭಾಗವನ್ನು ಬಿಟ್ಟು ಅದರ ತುದಿಗೆ ಹೋಗಿ. 12 ಅಥವಾ 15 ಅಡಿಯಿಂದ 30 ಅಡಿಗೆ ನೆಲ ಕಡಿದಾಗಿ ಇಳಿಯುವ ಅಂಚು ಎಲ್ಲಿದೆ ಎಂದು ಸೋನಾರ್‌ನಲ್ಲಿ ನೋಡುತ್ತಾ ದೋಣಿಯನ್ನು ಅಡ್ಡಡ್ಡವಾಗಿ ನಿಧಾನವಾಗಿ ನಡೆಸಿ. ಕಲ್ಲಿನ ನೆಲ ಮುಗಿದು ಮರಳು ಅಥವಾ ಕೆಸರು ಆರಂಭವಾಗುವ ಗೆರೆಯನ್ನು ಗುರುತಿಸಿ. ಸಾಮಾನ್ಯ ಸೋನಾರ್‌ನಲ್ಲಿಯೂ ಗಟ್ಟಿ ನೆಲ ದಪ್ಪವಾಗಿ, ಪ್ರಕಾಶಮಾನವಾಗಿ ಕಾಣಿಸುತ್ತದೆ, ಮೆತ್ತನೆಯ ನೆಲ ತೆಳುವಾಗಿ ಮಸುಕಾಗಿ ಕಾಣಿಸುತ್ತದೆ. ಆ ಗೆರೆಯ ಮೇಲೆ ಒಂಟಿಯಾಗಿ ಬಿದ್ದಿರುವ ದೊಡ್ಡ ಬಂಡೆಗಳಿದ್ದರೆ ಅವು ಬಹಳ ಬೆಲೆಯುಳ್ಳವು. ಚಾಚಿನಾಚೆ ನೀರಿನೊಳಗೇ ಮುಳುಗಿರುವ ದಿಬ್ಬವೊಂದಿದ್ದರೆ ಅದನ್ನು ಎಂದೂ ನೋಡದೆ ಹಿಂದಿರುಗಬೇಡಿ. ಎದುರು ಬದಿಯ ಸಸ್ಯಗಳ ನೆಲವನ್ನೂ ಪೂರ್ತಿ ಮರೆಯಬೇಡಿ: ಅಕ್ಟೋಬರ್ ಮೊದಲ ಭಾಗದಲ್ಲಿ ಇನ್ನೂ ಹಸಿರಾಗಿ ನಿಂತಿರುವ ಸಸ್ಯಗಳ ಹೊರ ಅಂಚಿನಲ್ಲಿ ಕೆಲವು ದಿನಗಳ ಕಾಲ ಒಳ್ಳೆಯ ಮೀನುಗಳು ಇರುತ್ತವೆ.

ನೀರು ಮೇಲು ಕೆಳಗಾಗುವ ವಿಚಾರ ನಿಜವೇ. ಬೇಸಿಗೆಯಲ್ಲಿ ಆಳವಾದ ಸರೋವರದಲ್ಲಿ ಬೆಚ್ಚಗಿನ ಹಗುರ ನೀರು ಮೇಲೆಯೂ ತಣ್ಣಗಿನ ಭಾರವಾದ ನೀರು ಕೆಳಗೂ ಪದರಗಳಾಗಿ ನಿಂತಿರುತ್ತದೆ. ನಡುವಿನ ಪದರವನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಕೆಳಗಿನ ಪದರಕ್ಕೆ ಗಾಳಿಯ ಸಂಪರ್ಕವಿಲ್ಲದ ಕಾರಣ ಅನೇಕ ಸರೋವರಗಳಲ್ಲಿ ಬೇಸಿಗೆಯ ಕೊನೆಯ ಹೊತ್ತಿಗೆ ಅಲ್ಲಿ ಆಮ್ಲಜನಕ ತೀರಿರುತ್ತದೆ. ನೀರು 39 ಡಿಗ್ರಿಯಲ್ಲಿ, ಅಂದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅತ್ಯಂತ ಭಾರವಾಗಿರುತ್ತದೆ. ಆದ್ದರಿಂದ ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾದಂತೆ ಭಾರವಾಗಿ ಕೆಳಗಿಳಿಯುತ್ತದೆ, ಪದರಗಳ ನಡುವಿನ ವ್ಯತ್ಯಾಸ ಅಳಿಯುತ್ತದೆ, ಕೊನೆಗೆ ಒಂದು ಜೋರಾದ ಗಾಳಿ ಬೀಸಿದರೆ ಇಡೀ ಸರೋವರ ಕಲಸಿಹೋಗುತ್ತದೆ. ಆಗ ನೀರು ಕದಡಿ, ಕೊಳೆತ ಎಲೆಯ ಚೂರುಗಳು ತೇಲಿ, ಕೆಲವೊಮ್ಮೆ ಗಂಧಕದ ವಾಸನೆಯೂ ಬರುತ್ತದೆ. ಆ ಕೆಲವು ದಿನ ಮೀನುಗಳು ನಿಜಕ್ಕೂ ಕಚ್ಚಲು ಹಿಂಜರಿಯುತ್ತವೆ. ಆಗ ನದಿಗೋ, ಪದರಗಳೇ ಕಟ್ಟದಷ್ಟು ಆಳ ಕಡಿಮೆಯಿರುವ ಬೇರೆ ಸರೋವರಕ್ಕೋ ಹೋಗುವುದು ಒಳ್ಳೆಯದು. ನೀರು ತಿಳಿಯಾದ ಮೇಲೆ ತಳದವರೆಗೂ ಆಮ್ಲಜನಕ ತಲುಪಿರುತ್ತದೆ. ಅದುವರೆಗೆ ಇಳಿಯಲಾಗದಿದ್ದ ಆಳಕ್ಕೆ ಸ್ಮಾಲ್‌ಮೌತ್‌ಗಳು ಇಳಿಯುವುದು ಆಮೇಲೆಯೇ.

ಬೇಸಿಗೆಯ ನಂತರವೇ ದೊಡ್ಡ ಮೀನುಗಳು ಸಿಗುತ್ತವೆ ಎಂಬುದಕ್ಕೆ ನಿಮ್ಮ ರಾಜ್ಯದಲ್ಲೇ ಒಳ್ಳೆಯ ನಿದರ್ಶನಗಳಿವೆ. 1906ರಿಂದ ಹಾಗೆಯೇ ಉಳಿದಿದ್ದ ಮಿಷಿಗನ್‌ನ ಸ್ಮಾಲ್‌ಮೌತ್ ದಾಖಲೆಯನ್ನು 2015ರ ಅಕ್ಟೋಬರ್‌ನಲ್ಲಿ ಹಬ್ಬರ್ಡ್ ಸರೋವರದಲ್ಲಿ ಸಿಕ್ಕ 9.33 ಪೌಂಡ್ ತೂಕದ ಮೀನು ಮುರಿಯಿತು; ಮರುವರ್ಷದ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ನದಿಯಲ್ಲಿ ಸಿಕ್ಕ 9.98 ಪೌಂಡ್ ತೂಕದ ಮೀನು ಅದನ್ನೂ ಹಿಂದಿಕ್ಕಿತು. ಎರಡೂ ಬೇಸಿಗೆ ಮುಗಿಯುತ್ತಿದ್ದ ಅಥವಾ ಮುಗಿದಿದ್ದ ಕಾಲದವು, ಎರಡೂ ಉತ್ತರದ ಒಳನಾಡಿನ ನೀರಿನವು.

ಹೊಳೆಮಡು

ಕಲ್ಲುದಿಬ್ಬ ಅವರು ನದಿಗೆ ಹೋಗಬಹುದೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗಿದ್ದಾರೆ. ನನ್ನ ಗಾಳವೆಲ್ಲ ನದಿಯಲ್ಲೇ ಆದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ.

ನದಿಯ ಸ್ಮಾಲ್‌ಮೌತ್ ಶರತ್ಕಾಲದಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಬಹಳ ಜನ ಊಹಿಸಿರುವುದಿಲ್ಲ. ವಿಸ್ಕಾನ್ಸಿನ್‌ನ ಎಂಬ್ಯಾರಸ್ ಮತ್ತು ವುಲ್ಫ್ ನದಿಗಳಲ್ಲಿ ಮೀನುಗಳಿಗೆ ಗುರುತು ಹಾಕಿ ನಡೆಸಿದ ಅಧ್ಯಯನವೊಂದು, ನೀರು 60 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಅವು ಹತ್ತಾರು ಮೈಲಿ ಕೆಳಹರಿವಿಗೆ ಸಾಗಿ ಆಳವಾದ ನೀರಿನಲ್ಲಿ ಚಳಿಗಾಲ ಕಳೆಯುವುದನ್ನು ತೋರಿಸಿತು. ವಸಂತದಲ್ಲಿ ಅವು ಮತ್ತೆ ಮೇಲಕ್ಕೆ ಬರುತ್ತವೆ. ಎಲ್ಲ ನದಿಗಳಲ್ಲೂ ಇಷ್ಟು ದೂರದ ಪಯಣ ಇರುವುದಿಲ್ಲ. ಹತ್ತಿರದಲ್ಲೇ ಒಳ್ಳೆಯ ಮಡು ಇದ್ದರೆ ಅಲ್ಲೇ ನಿಲ್ಲುತ್ತವೆ, ಅಡ್ಡಲಾಗಿ ಅಣೆಕಟ್ಟು ಇದ್ದರೆ ಅದರ ಹಿಂದಿನ ಆಳದಲ್ಲೇ ಉಳಿಯುತ್ತವೆ. ಆದರೆ ಆಗಸ್ಟ್‌ನಲ್ಲಿ ಮೀನು ತುಂಬಿದ್ದ, ಕಲ್ಲುಗಳ ಮೇಲೆ ನೀರು ಜಿಗಿಯುವ ತೆಳುವಾದ ಹರಿವಿನಲ್ಲಿ ನವೆಂಬರ್‌ನಲ್ಲಿ ಗಾಳ ಹಾಕುವವರು ಮೀನೇ ಇಲ್ಲದ ನೀರಿಗೆ ಹಾಕುತ್ತಿರುತ್ತಾರೆ ಎಂಬುದಂತೂ ಖಚಿತ.

ಹಾಗಾದರೆ ಯಾವ ಮಡು? ಆಳ ಮಾತ್ರ ಸಾಲದು, ಅಲ್ಲಿ ಸೆಳವು ಕಡಿಮೆಯಿರಬೇಕು. ತಣ್ಣಗಿನ ನೀರಿನಲ್ಲಿ ಮೀನಿಗೆ ಸೆಳವಿನ ಎದುರು ನಿಲ್ಲುವ ಶಕ್ತಿ ಇರುವುದಿಲ್ಲ, ಪ್ರವಾಹ ಬಂದಾಗಲೂ ತಳದಲ್ಲಿ ನೀರು ಶಾಂತವಾಗಿರುವ ಜಾಗವನ್ನೇ ಅದು ಆರಿಸಿಕೊಳ್ಳುತ್ತದೆ. ತಿರುವಿನ ಹೊರಭಾಗದಲ್ಲಿ ದಡಕ್ಕೆ ಒತ್ತಿಕೊಂಡಿರುವ ದೊಡ್ಡ ಬಂಡೆಗಳ ಕೆಳಭಾಗ, ದ್ವೀಪದ ಕೆಳತುದಿ, ಹಳೆಯ ಸೇತುವೆಯ ಕಂಬಗಳ ಹಿಂಭಾಗ, ಇವು ಮೊದಲು ನೋಡಬೇಕಾದವು. ಇಡೀ ನದಿ ಮೂರು ಅಡಿ ಆಳವಿದ್ದರೆ ಎಂಟು ಅಡಿಯ ಮಡುವೇ ಅಲ್ಲಿನ ಪಾಲಿಗೆ ಮಹಾ ಆಳ. ಸರೋವರದವರು ಹೇಳುವ 30 ಅಡಿಯನ್ನು ನದಿಯಲ್ಲಿ ಹುಡುಕಬೇಕಾಗಿಲ್ಲ.

ಹರಿವ ನೀರು ಸದಾ ಕಲಸಿಕೊಂಡೇ ಇರುವುದರಿಂದ ನದಿಯಲ್ಲಿ ಮೇಲು ಕೆಳಗಾಗುವ ತೊಂದರೆಯಿಲ್ಲ. ಅದರ ಬದಲು ಎಲೆಗಳ ತೊಂದರೆ ಇದೆ. ಎಲೆ ಉದುರುವ ದಿನಗಳಲ್ಲಿ ಗಾಳಿ ಬೀಸಿದರೆ ಪ್ರತಿ ಎಸೆತಕ್ಕೂ ಕೊಕ್ಕೆಗೆ ಎಲೆ ಸಿಕ್ಕಿಕೊಂಡು ಬರುತ್ತದೆ. ಮೂರು ಮೊನೆಯ ಕೊಕ್ಕೆಗಳಿರುವ ಎರೆಗಳನ್ನು ಆ ದಿನಗಳಲ್ಲಿ ಬದಿಗಿಟ್ಟು, ಮೊನೆಯನ್ನು ಮೈಯೊಳಗೆ ಅಡಗಿಸಿ ಸಿಕ್ಕಿಸಬಹುದಾದ, ಟ್ಯೂಬ್ ಎಂಬ ಕೊಳವೆಯಾಕಾರದ ಮೆತ್ತನೆಯ ಕೃತಕ ಎರೆಗಳನ್ನು ಬಳಸಿ. ಮಳೆ ಬಂದು ನೀರು ಏರಿ ಕೆಂಪಾದರೆ ಒಂದೆರಡು ದಿನ ಕಾಯಿರಿ. ನೀರು ಇಳಿಯುತ್ತಾ ತಿಳಿಯಾಗುವ ಹೊತ್ತು ಒಳ್ಳೆಯದು.

ಒಂದು ಮಡುವಿನಲ್ಲಿ ಶರತ್ಕಾಲದಲ್ಲಿ ಒಳ್ಳೆಯ ಮೀನುಗಳು ಸಿಕ್ಕರೆ ಅದನ್ನು ನೆನಪಿನಲ್ಲಿಡಿ, ನದಿಯ ನೆಲ ಬದಲಾಗದಿದ್ದರೆ ವರ್ಷ ವರ್ಷವೂ ಅವು ಅಲ್ಲಿಗೇ ಬರುತ್ತವೆ.

ಮೂಡಗಾಳಿ

ಕಲ್ಲುದಿಬ್ಬ ಅವರ ವಿವರಣೆಯನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಒಂದು ಅಂಶದಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಶರತ್ಕಾಲವೆಂದರೆ ಆಳವೆಂದು ತೀರ್ಮಾನಿಸಿ ತೆಳುನೀರಿಗೆ ಬೆನ್ನು ಹಾಕಿದವರು ವರ್ಷದ ಅತ್ಯಂತ ದೊಡ್ಡ ಮೀನನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ. ನೀರು 50ರ ಕೆಳಗಿದ್ದಾಗಲೂ, ಎರಡು ಮೂರು ದಿನ ಸತತವಾಗಿ ಬಿಸಿಲು ಬಿದ್ದರೆ, ಆಳದ ಪಕ್ಕದಲ್ಲೇ ಇರುವ ಕಪ್ಪು ಕಲ್ಲಿನ ತೆಳುನೀರು ಮಧ್ಯಾಹ್ನದ ಹೊತ್ತಿಗೆ ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ. ಆಗ ಆಳದಲ್ಲಿದ್ದ ಮೀನುಗಳು ಮೇಲೇರಿ 5ರಿಂದ 10 ಅಡಿ ನೀರಿನಲ್ಲಿ ಬೇಟೆಯಾಡುತ್ತವೆ. ಆ ತೆಳುನೀರು ಆಳಕ್ಕೆ ಅಂಟಿಕೊಂಡೇ ಇರಬೇಕೆಂಬುದು ಮಾತ್ರ ಮುಖ್ಯ. ಆಳದಿಂದ ದೂರವಿರುವ ತೆಳುನೀರಿಗೆ ಅವು ಬರುವುದಿಲ್ಲ. ಬೇಸಿಗೆಯಂತೆ ನಸುಕಿನಲ್ಲೇ ಎದ್ದು ಹೋಗುವ ಅಗತ್ಯವೂ ಈ ಕಾಲದಲ್ಲಿಲ್ಲ, ಹತ್ತು ಗಂಟೆಯಿಂದ ಮೂರು ಗಂಟೆಯವರೆಗಿನ ಅವಧಿಯೇ ಹೆಚ್ಚು ಫಲ ಕೊಡುತ್ತದೆ.

ಈಗ ಎರೆಯ ವಿಚಾರ. ತೆಳುನೀರಿಗೆ ನನ್ನ ಮೊದಲ ಆಯ್ಕೆ ನೀರಿನ ನಡುವೆ ತೇಲದೆ ಮುಳುಗದೆ ನಿಲ್ಲುವ ಜರ್ಕ್‌ಬೇಟ್, ಅಂದರೆ ಸಣ್ಣ ಮೀನಿನಾಕಾರದ ಗಟ್ಟಿ ಕೃತಕ ಎರೆ. ದೂರಕ್ಕೆ ಎಸೆದು, ರೀಲನ್ನು ಕೆಲವು ಸುತ್ತು ಸುತ್ತಿ ಅದನ್ನು ಅದರ ಆಳಕ್ಕೆ ಇಳಿಸಿ. ರಾಡ್‌ನ ತುದಿಯನ್ನು ನೀರಿನ ಕಡೆಗೆ ಬಾಗಿಸಿ ಎರಡು ಬಾರಿ ಚಿಕ್ಕದಾಗಿ ಜಗ್ಗಿ, ಕೂಡಲೇ ದಾರವನ್ನು ಸಡಿಲ ಬಿಡಿ. ದಾರ ಬಿಗಿಯಾಗಿದ್ದರೆ ಎರೆ ನೇರವಾಗಿ ನಿಮ್ಮ ಕಡೆಗೆ ಬಂದುಬಿಡುತ್ತದೆ. ಸಡಿಲವಾಗಿದ್ದರೆ ಮಾತ್ರ ಅದು ಪಕ್ಕಕ್ಕೆ ತಿರುಗಿ ಮೈಯ ಹೊಳಪನ್ನು ತೋರಿಸಿ ನಿಲ್ಲುತ್ತದೆ. 58 ಡಿಗ್ರಿಯ ನೀರಿನಲ್ಲಿ ಆ ನಿಲುಗಡೆ ಒಂದೆರಡು ಸೆಕೆಂಡ್ ಸಾಕು. 45ರಲ್ಲಿ ಹತ್ತು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಬೇಕು. ಎರೆ ಚಲಿಸುವಾಗ ಮೀನು ಹಿಂಬಾಲಿಸುತ್ತದೆ, ನಿಂತಾಗ ಕಚ್ಚುತ್ತದೆ. ನೀರು ತಣ್ಣಗಾದಂತೆ ಅದರ ಸಾಂದ್ರತೆ ಹೆಚ್ಚುವುದರಿಂದ ಬೇಸಿಗೆಯಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಎರೆ ಶರತ್ಕಾಲದಲ್ಲಿ ಮೆಲ್ಲನೆ ಮೇಲೇಳಬಹುದು. ದೋಣಿಯ ಪಕ್ಕದಲ್ಲೇ ಅದನ್ನು ನೀರಿಗೆ ಬಿಟ್ಟು ಪರೀಕ್ಷಿಸಿ, ಮೇಲೇಳುತ್ತಿದ್ದರೆ ಹೊಟ್ಟೆಯ ಮೇಲೆ ತೆಳುವಾದ ಲೋಹದ ಪಟ್ಟಿ ಅಂಟಿಸಿ ಅಥವಾ ಒಂದು ಅಳತೆ ದಪ್ಪದ ಕೊಕ್ಕೆ ಹಾಕಿ.

ಆಳಕ್ಕೆ ನಾಲ್ಕು ಇಂಚಿನ ಟ್ಯೂಬ್ ಅಥವಾ ಸಣ್ಣ ಮೀನಿನ ಆಕಾರದ ಮೆತ್ತನೆಯ ಎರೆ. ಸೇಂಟ್ ಕ್ಲೇರ್, ಇರೀ, ಒಂಟಾರಿಯೊ ಮುಂತಾದ ದೊಡ್ಡ ಸರೋವರಗಳಲ್ಲಿ ಇದಕ್ಕೆ ವಿಶೇಷ ಕಾರಣವಿದೆ. 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಮೊದಲು ಕಾಣಿಸಿಕೊಂಡ ರೌಂಡ್ ಗೋಬಿ ಎಂಬ ಹೊರಗಿನ ಮೀನು ಈಗ ಉತ್ತರ ಅಮೆರಿಕದ ಐದೂ ಮಹಾ ಸರೋವರಗಳಲ್ಲಿ ಹರಡಿದೆ. ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಳ್ಳುವ ನೀರಿನೊಂದಿಗೆ ಬಂದ ಈ ಮೀನಿನಿಂದ ಆದ ಹಾನಿ ದೊಡ್ಡದು, ಗೂಡಿನ ಕಾವಲಿಗಿದ್ದ ಗಂಡು ಸ್ಮಾಲ್‌ಮೌತ್ ಅತ್ತ ಸರಿದರೆ ಸಾಕು, ಮೊಟ್ಟೆಗಳನ್ನು ಅದು ತಿಂದುಹಾಕುತ್ತದೆ. ಆದರೆ ಬೆಳೆದ ಸ್ಮಾಲ್‌ಮೌತ್‌ಗಳಿಗೆ ಅದೇ ಸುಲಭದ ಆಹಾರವಾಯಿತು, ಅದನ್ನು ತಿಂದು ಅವು ಹಿಂದೆಂದಿಗಿಂತ ದಪ್ಪವಾದವು. 2022ರ ನವೆಂಬರ್‌ನಲ್ಲಿ ಇರೀ ಸರೋವರದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಸೇರಿದ ಭಾಗದಲ್ಲಿ 10.15 ಪೌಂಡ್ ತೂಕದ ಸ್ಮಾಲ್‌ಮೌತ್ ಸಿಕ್ಕದ್ದು ಇದೇ ಹಿನ್ನೆಲೆಯಲ್ಲಿ. ಗೋಬಿಗೆ ಈಜುಚೀಲವಿಲ್ಲ, ಅಂದರೆ ಮೀನನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲವಿಲ್ಲ. ಅದು ತಳಕ್ಕೆ ಅಂಟಿಕೊಂಡೇ ಇದ್ದು, ಬೆದರಿದಾಗ ಚಿಮ್ಮಿ, ಮತ್ತೆ ತಳದ ಮೇಲೆ ಕೂರುತ್ತದೆ. ನಿಮ್ಮ ಟ್ಯೂಬ್ ಕೂಡ ಹಾಗೆಯೇ ನಡೆಯಬೇಕು: ತಳ ಬಿಟ್ಟು ಏಳಬಾರದು, ಎಳೆತ ಉದ್ದವಾಗಿ ನಿಧಾನವಾಗಿರಬೇಕು, ಕಲ್ಲಿಗೆ ತಾಗಿದಾಗ ಕ್ಷಣ ನಿಲ್ಲಬೇಕು. ನಿಮ್ಮ ಒಳನಾಡಿನ ಸರೋವರದಲ್ಲಿ ಗೋಬಿ ಇಲ್ಲದಿದ್ದರೆ ಪರ್ಚ್ ಮರಿಯನ್ನು ಹೋಲುವ ಬಣ್ಣ ಹಾಕಿ, ನಡೆಸುವ ಕ್ರಮ ಅದೇ ಇರಲಿ.

ತಣ್ಣಗಿನ ನೀರಿನಲ್ಲಿ ಕಚ್ಚುವಿಕೆ ಹೊಡೆತದಂತೆ ಬರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಳೆಯುತ್ತಿರುವ ಎರೆ ಒದ್ದೆ ಬಟ್ಟೆಗೆ ಸಿಕ್ಕಿಕೊಂಡಂತೆ ತುಸು ಭಾರವೆನಿಸುತ್ತದೆ, ಅಷ್ಟೇ. ಆ ಭಾರ ತಿಳಿಯಬೇಕಾದರೆ ಹಿಗ್ಗದ ಹೆಣೆದ ದಾರ ಬೇಕು, ಅದರ ತುದಿಗೆ 8 ಅಥವಾ 10 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಲೀಡರ್, ಅಂದರೆ ಎರೆ ಕಟ್ಟುವ ತುದಿದಾರ ಬೇಕು, ಏಳು ಅಡಿಯ ಆಸುಪಾಸಿನ, ತುದಿ ಸೂಕ್ಷ್ಮವಾದ ಸ್ಪಿನ್ನಿಂಗ್ ರಾಡ್ ಬೇಕು. ದಾರವನ್ನು ಸವೆಸುವ ಹರಿತವಾದ ಜೀಬ್ರಾ ಚಿಪ್ಪುಗಳು ಕಲ್ಲುಗಳಿಗೆ ಅಂಟಿಕೊಂಡಿರುವ ನೀರಿನಲ್ಲಿ ಪ್ರತಿ ಮೀನಿನ ನಂತರವೂ ಲೀಡರ್‌ನ ಕೊನೆಯ ಎರಡು ಅಡಿಯನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟು ಸಿಕ್ಕರೆ ಕತ್ತರಿಸಿ ಮತ್ತೆ ಕಟ್ಟಿ.

ತೀರವಾಸಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಈ ವಾರಾಂತ್ಯ ನೀರು 52 ಡಿಗ್ರಿ ಇತ್ತು. ಚಾಚಿನ ತುದಿಯಲ್ಲಿ, ಕಲ್ಲು ಮುಗಿದು ಮರಳು ಆರಂಭವಾಗುವ ಗೆರೆಯ ಮೇಲೆ, 34 ಅಡಿ ಆಳದಲ್ಲಿ ಟ್ಯೂಬ್ ಎಳೆದಾಗ ನಾಲ್ಕೂವರೆ ಪೌಂಡ್ ತೂಕದ ಮೀನೊಂದು ಸಿಕ್ಕಿತು. ಮೂಡಗಾಳಿ ಅವರು ಹೇಳಿದಂತೆ ಹೊಡೆತವೇ ಇರಲಿಲ್ಲ, ದಾರ ಭಾರವಾಯಿತು, ಅಷ್ಟೆ.

ಆದರೆ ಅದನ್ನು ನೀರಿಗೆ ಬಿಟ್ಟಾಗ ಅದು ಕೆಳಗಿಳಿಯಲಾಗದೆ ಸ್ವಲ್ಪ ಹೊತ್ತು ಪಕ್ಕಕ್ಕೆ ವಾಲಿಕೊಂಡು ಮೇಲ್ಮೈಯಲ್ಲೇ ಈಜಾಡಿತು, ಬಹಳ ಪ್ರಯಾಸಪಟ್ಟು ಕೊನೆಗೆ ಇಳಿಯಿತು. ಅಷ್ಟು ದೊಡ್ಡ ಮೀನು ನನ್ನಿಂದ ಸಾಯಬಾರದು. ಇದಕ್ಕೆ ಏನು ಮಾಡಬೇಕು? ಇನ್ನೊಂದು ಪ್ರಶ್ನೆ: ಗಾಳಿಯಲ್ಲಿ ನನ್ನ ಚಿಕ್ಕ ದೋಣಿ ಆ ಗೆರೆಯ ಮೇಲೆ ನಿಲ್ಲುವುದೇ ಇಲ್ಲ. ಗಾಳಿಯಿಲ್ಲದ ದಿನಕ್ಕೆ ಕಾಯಬೇಕೆ?

ನೀರ್ನೆಲೆ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಶರತ್ಕಾಲದ ಈ ಬೇಟೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಚರ್ಚಿಸಬೇಕಾದ ವಿಷಯವೇ ಅದು.

ಸ್ಮಾಲ್‌ಮೌತ್‌ನ ಈಜುಚೀಲಕ್ಕೆ ಗಂಟಲಿನ ಮೂಲಕ ಗಾಳಿ ಹೊರಬಿಡುವ ನಾಳವಿಲ್ಲ. ಚೀಲದ ಗಾಳಿ ರಕ್ತದ ಮೂಲಕ ನಿಧಾನವಾಗಿ ಕರಗಿಯೇ ಹೋಗಬೇಕು, ಅದಕ್ಕೆ ಗಂಟೆಗಳು ಬೇಕು. 33 ಅಡಿ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡು ಪಟ್ಟು. ಅಲ್ಲಿಂದ ಮೀನನ್ನು ಕೆಲವೇ ನಿಮಿಷಗಳಲ್ಲಿ ಮೇಲೆ ತಂದರೆ ಚೀಲದ ಗಾಳಿ ಎರಡು ಪಟ್ಟು ಹಿಗ್ಗಲು ಹೊರಡುತ್ತದೆ. ಹೊಟ್ಟೆ ಉಬ್ಬುವುದು, ಕಣ್ಣು ಹೊರಚಾಚುವುದು, ಪಕ್ಕಕ್ಕೆ ವಾಲಿ ತೇಲುವುದು ಎಲ್ಲವೂ ಅದರ ಲಕ್ಷಣಗಳು. ನಿಮ್ಮ ಮೀನು ತಾನಾಗಿಯೇ ಇಳಿದದ್ದು ಒಳ್ಳೆಯ ಸೂಚನೆ.

ನಿಮ್ಮ ಮೀನಿಗಾದಂತೆ ಆದಾಗ ಮೀನನ್ನು ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡದೆ, ಒದ್ದೆ ಕೈಯಲ್ಲಿ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡವಾಗಿ ಹಿಡಿದು, ಕೊಕ್ಕೆ ಬಿಡಿಸಿ ಕೂಡಲೇ ಬಿಡಿ. ಮೇಲೆ ಉಳಿದಷ್ಟೂ ಚೀಲ ಹಿಗ್ಗುತ್ತಲೇ ಹೋಗುತ್ತದೆ. ಹಾಗೂ ಇಳಿಯಲಾಗದಿದ್ದರೆ, ಕೆಳದವಡೆಗೆ ಕ್ಲಿಪ್ ಹಾಕಿ ಭಾರವನ್ನು ಕಟ್ಟಿ ಮೀನನ್ನು ಹಿಡಿದ ಆಳದ ಸಮೀಪಕ್ಕೆ ಇಳಿಸಿ ಬಿಡುವ ಸಾಧನಗಳು ಸಿಗುತ್ತವೆ, ಒಂದನ್ನು ದೋಣಿಯಲ್ಲಿ ಇಟ್ಟುಕೊಳ್ಳಿ. ಸೂಜಿ ಚುಚ್ಚಿ ಗಾಳಿ ತೆಗೆಯುವ ಕ್ರಮವೂ ಇದೆ. ಎಲ್ಲಿ ಚುಚ್ಚಬೇಕೆಂದು ಬಲ್ಲವರಿಂದ ಕಲಿತಿರದಿದ್ದರೆ ಅದನ್ನು ಮಾಡಲೇಬೇಡಿ, ಒಳಗಿನ ಅಂಗಗಳಿಗೆ ಗಾಯವಾಗುತ್ತದೆ. ನೇರವಾದ ಪರಿಹಾರ ಮತ್ತೊಂದಿದೆ: 30 ಅಡಿಗಿಂತ ಆಳದಲ್ಲಿ ಗಾಳ ಹಾಕುವುದನ್ನೇ ಬಿಡುವುದು. ನಾನು ಹಾಗೆಯೇ ಮಾಡುತ್ತೇನೆ. ಗುಂಪು 40 ಅಡಿಯಲ್ಲಿ ನಿಂತಿರುವುದು ಸೋನಾರ್‌ನಲ್ಲಿ ಕಂಡರೂ ಅದನ್ನು ಬಿಟ್ಟು, ಮೂಡಗಾಳಿ ಅವರು ಹೇಳಿದ ಬಿಸಿಲಿನ ಮಧ್ಯಾಹ್ನಕ್ಕೆ ಕಾಯುತ್ತೇನೆ.

ಇಷ್ಟು ಎಚ್ಚರ ಏಕೆಂದರೆ ಉತ್ತರದ ತಣ್ಣಗಿನ ನೀರಿನಲ್ಲಿ ಈ ಮೀನು ಬಹಳ ನಿಧಾನವಾಗಿ ಬೆಳೆಯುತ್ತದೆ. 20 ಇಂಚು ಉದ್ದದ ಮೀನಿಗೆ ಹತ್ತು ವರ್ಷ ದಾಟಿರುವುದು ಸಾಮಾನ್ಯ. ಬೇಸಿಗೆಯಲ್ಲಿ ಸರೋವರದ ತುಂಬ ಚದುರಿದ್ದ ಅಂತಹ ಮೀನುಗಳು ಶರತ್ಕಾಲದಲ್ಲಿ ಒಂದೇ ಅಂಚಿಗೆ ಬಂದು ಸೇರುತ್ತವೆ. ಒಬ್ಬಿಬ್ಬರು ಆ ಅಂಚನ್ನು ಕಂಡುಕೊಂಡು ಸಿಕ್ಕಿದ್ದನ್ನೆಲ್ಲ ಮನೆಗೊಯ್ದರೆ ಆ ಸರೋವರ ಚೇತರಿಸಿಕೊಳ್ಳಲು ಅನೇಕ ವರ್ಷ ಬೇಕು. ಮಿನ್ನೆಸೋಟ ರಾಜ್ಯವು ಸೆಪ್ಟೆಂಬರ್ ಮಧ್ಯದಿಂದ ಸಿಕ್ಕ ಸ್ಮಾಲ್‌ಮೌತ್‌ಗಳನ್ನು ಬಿಟ್ಟೇ ಬಿಡಬೇಕೆಂಬ ನಿಯಮ ಮಾಡಿಕೊಂಡದ್ದು ತುಂಬಾ ಸರಿಯಾದ ಕ್ರಮ. ಮಿಷಿಗನ್‌ನಲ್ಲಿ ಡಿಸೆಂಬರ್ 31ರವರೆಗೆ ಮೀನನ್ನು ಇಟ್ಟುಕೊಳ್ಳಲು ಅವಕಾಶವಿದೆ, ಕನಿಷ್ಠ ಉದ್ದ 14 ಇಂಚು. ಆದರೂ ದೊಡ್ಡವನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹೊರಡುವ ಮುನ್ನ ಆ ವರ್ಷದ ನಿಯಮಗಳನ್ನು ನಿಮ್ಮ ರಾಜ್ಯದ ಇಲಾಖೆಯ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕಲ್ಲುದಿಬ್ಬ

ನೀರ್ನೆಲೆ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. 30 ಅಡಿಯ ಮಿತಿಯನ್ನು ನೀವೂ ಇಟ್ಟುಕೊಳ್ಳಿ. ನಿಮ್ಮ ಚಾಚಿನಲ್ಲಿ ಅದೇ ಗೆರೆ 25 ಅಡಿಯಲ್ಲೂ ಎಲ್ಲಾದರೂ ಸಿಗುತ್ತದೆ.

ಗಾಳಿಯ ವಿಚಾರದಲ್ಲಿ, ಸಂಪೂರ್ಣ ನಿಶ್ಚಲವಾದ ದಿನಕ್ಕೆ ಕಾಯಬೇಡಿ. ತಿಳಿಯಾದ ನೀರಿನಲ್ಲಿ ಸಾಧಾರಣ ಗಾಳಿ ನಿಮ್ಮ ಪರವಾಗಿಯೇ ಇರುತ್ತದೆ: ಅಲೆಗಳು ಬೆಳಕನ್ನು ಒಡೆಯುತ್ತವೆ, ಮೀನು ಎರೆಯನ್ನು ದಿಟ್ಟಿಸಿ ನೋಡಿ ಅನುಮಾನಿಸಲು ಆಗುವುದಿಲ್ಲ, ಮರಿಮೀನುಗಳು ಗಾಳಿ ಬಡಿಯುವ ಬದಿಗೆ ತಳ್ಳಲ್ಪಡುತ್ತವೆ. ಒಂದೇ ದಿಕ್ಕಿನಿಂದ ಎರಡು ದಿನ ಗಾಳಿ ಬೀಸಿದ್ದರೆ ಚಾಚಿನ ಆ ಬದಿಯನ್ನೇ ಮೊದಲು ನೋಡಿ. ದೋಣಿಯನ್ನು ನಿಲ್ಲಿಸಲು ಹೆಣಗುವ ಬದಲು, ಗಾಳಿಯ ಮೇಲ್ಬದಿಗೆ ಹೋಗಿ ನೀರಿನಲ್ಲಿ ತೆರೆದುಕೊಳ್ಳುವ ಬಟ್ಟೆಯ ಡ್ರಿಫ್ಟ್ ಸಾಕ್ ಒಂದನ್ನು ಕಟ್ಟಿ ಇಳಿಬಿಡಿ. ದೋಣಿ ಗೆರೆಯುದ್ದಕ್ಕೂ ನಿಧಾನವಾಗಿ ತೇಲುತ್ತದೆ, ಟ್ಯೂಬ್ ತಾನಾಗಿಯೇ ಸರಿಯಾದ ವೇಗದಲ್ಲಿ ಎಳೆಯಲ್ಪಡುತ್ತದೆ. ಮೀನು ಸಿಕ್ಕ ಕೂಡಲೇ ಸೋನಾರ್‌ನಲ್ಲಿ ಆ ಜಾಗಕ್ಕೆ ಗುರುತು ಹಾಕಿ, ಮತ್ತೆ ಮೇಲ್ಬದಿಗೆ ಹೋಗಿ ಅದೇ ದಾರಿಯಲ್ಲಿ ತೇಲಿ ಬನ್ನಿ. ಈ ಕಾಲದಲ್ಲಿ ಒಂದು ಮೀನು ಒಂಟಿಯಾಗಿರುವುದು ಅಪರೂಪ, ಅದೇ ಗಾತ್ರದವು ಪಕ್ಕದಲ್ಲೇ ಇರುತ್ತವೆ.

ಆದರೆ ಅಲೆಗಳ ನೆತ್ತಿ ಬೆಳ್ಳಗೆ ಒಡೆಯಲಾರಂಭಿಸಿದರೆ ಚಿಕ್ಕ ದೋಣಿಯಲ್ಲಿ ಹೊರಡಬೇಡಿ, ಹೊರಟಿದ್ದರೆ ಹಿಂದಿರುಗಿ. 50 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರಾಟವೇ ಹತೋಟಿಯಲ್ಲಿರುವುದಿಲ್ಲ; ಸುಮಾರು ಹತ್ತು ನಿಮಿಷಗಳಲ್ಲಿ ಕೈಬೆರಳುಗಳು ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ, ಆಮೇಲೆ ಜೀವರಕ್ಷಕ ಜಾಕೆಟ್ ಕೈಗೆ ಸಿಕ್ಕರೂ ತೊಟ್ಟುಕೊಳ್ಳಲಾಗದು. ಅದನ್ನು ದಡದಲ್ಲೇ ತೊಟ್ಟು, ಕೊಂಡಿ ಹಾಕಿಕೊಂಡು ದೋಣಿ ಹತ್ತಿ.